ಪೇಜ್, ಆ್ಯಂಟಿಲೋಪ್ ಕಣಿವೆ, ಲೇಕ್ ಪೊವೆಲ್: ರೂಮು ಊರೊಳಗೋ, ಹಿನ್ನೀರಿನ ಪಕ್ಕವೋ, ಕನಾಬ್‌ನಲ್ಲೋ?

ಹೇಮಾವತಿ_ದಡ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೆಯ ವಾರ ಅಮೆರಿಕದ ಅರಿಜೋನಾ–ಯೂಟಾ ಗಡಿಯ ಪೇಜ್ ಊರಿನ ಕಡೆ ಐದು ದಿನ, ನಾಲ್ಕು ರಾತ್ರಿ. ಲಾಸ್ ವೇಗಸ್‌ನಲ್ಲಿ ಇಳಿದು ಬಾಡಿಗೆ ಕಾರು, ವಾಪಸ್ಸೂ ಅಲ್ಲಿಂದಲೇ. ಒಟ್ಟು ಆರು ಜನ: ನಾವಿಬ್ಬರು, 9 ಮತ್ತು 4 ವರ್ಷದ ಮಕ್ಕಳು, ಹಾಸನದಿಂದ ಬಂದಿರುವ ಅಪ್ಪ (72), ಅಮ್ಮ (67, ಎರಡೂ ಮಂಡಿ ನೋವು). ಪೂರ್ತಿ ಸಸ್ಯಾಹಾರ. ಆ್ಯಂಟಿಲೋಪ್ ಕಣಿವೆ, ಹಾರ್ಸ್‌ಶೂ ಬೆಂಡ್, ಲೇಕ್ ಪೊವೆಲ್ ಜಲಾಶಯ ಖಂಡಿತ ನೋಡಬೇಕು. ಮಾನ್ಯುಮೆಂಟ್ ವ್ಯಾಲಿ ಆದರೆ ನೋಡುವುದು.

ರೂಮಿಗೆ ಮೂರು ಜಾಗ ಯೋಚನೆಯಲ್ಲಿವೆ. ಪೇಜ್ ಊರೊಳಗಿನ ಹೋಟೆಲ್, ವಾವೀಪ್‌ನ ಹಿನ್ನೀರು ಪಕ್ಕದ ರೆಸಾರ್ಟ್, ಇಲ್ಲವೇ ಯೂಟಾದ ಕನಾಬ್ ಊರು. ಕನಾಬ್‌ನಿಂದ ಜಯಾನ್ ರಾಷ್ಟ್ರೀಯ ಉದ್ಯಾನ ಕೂಡ ಹತ್ತಿರ ಅಂತ ಕೆಲವರು ಹೇಳುತ್ತಾರೆ. ಯಾವುದು ಸರಿ, ಯಾಕೆ?

ಕೆಂಪುಕಲ್ಲು

ಮೊದಲು ನಕ್ಷೆಯಲ್ಲಿ ಪೇಜ್ ಎಲ್ಲಿದೆ ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಗ್ಲೆನ್ ಕ್ಯಾನಿಯನ್ ಅಣೆಕಟ್ಟು ಕಟ್ಟುವ ಕೆಲಸಗಾರರಿಗಾಗಿ 1957ರಲ್ಲಿ ಹುಟ್ಟಿದ ಊರು ಅದು. ಅಣೆಕಟ್ಟು 710 ಅಡಿ ಎತ್ತರ. 1963ರಲ್ಲಿ ನೀರು ನಿಲ್ಲಿಸತೊಡಗಿದರು, ಜಲಾಶಯ ಮೊದಲ ಸಲ ತುಂಬಿದ್ದು 1980ರಲ್ಲಿ. ಊರು ಗುಡ್ಡದ ನೆತ್ತಿಯಲ್ಲಿದೆ, ಸುಮಾರು 4,300 ಅಡಿ. ನೀವು ನೋಡಬೇಕೆಂದಿರುವ ಮೂರೂ ಜಾಗ ಈ ಗುಡ್ಡದ ಸುತ್ತಲೇ ಇವೆ. ಹಾರ್ಸ್‌ಶೂ ಬೆಂಡ್ ದಕ್ಷಿಣಕ್ಕೆ ಐದು ಮೈಲಿಯೊಳಗೆ, ಆ್ಯಂಟಿಲೋಪ್‌ನ ಅಪ್ಪರ್ (ಮೇಲಿನದು) ಮತ್ತು ಲೋವರ್ (ಕೆಳಗಿನದು) ಎರಡೂ ಪೂರ್ವಕ್ಕೆ ಹತ್ತು ನಿಮಿಷ, ವಾವೀಪ್ ದೋಣಿಕಟ್ಟೆ ಅಣೆಕಟ್ಟಿನ ಸೇತುವೆ ದಾಟಿ ಹದಿನೈದು ನಿಮಿಷ.

ಉಳಿದದ್ದೆಲ್ಲ ದೂರ. ಕನಾಬ್ 74 ಮೈಲಿ, ಒಂದೂಕಾಲು ಗಂಟೆ. ಜಯಾನ್ ಎರಡು ಗಂಟೆ. ಬ್ರೈಸ್ ರಾಷ್ಟ್ರೀಯ ಉದ್ಯಾನ ಎರಡೂವರೆಯಿಂದ ಮೂರು. ಮಾನ್ಯುಮೆಂಟ್ ವ್ಯಾಲಿ ಎರಡು ಗಂಟೆಗೂ ಸ್ವಲ್ಪ ಮೇಲೆ. ಗ್ರ್ಯಾಂಡ್ ಕ್ಯಾನಿಯನ್‌ನ ದಕ್ಷಿಣ ಅಂಚಿನ ಹಳ್ಳಿ ಸುಮಾರು 135 ಮೈಲಿ, ಎರಡೂವರೆ ಗಂಟೆ. ಲಾಸ್ ವೇಗಸ್ ಸುಮಾರು 275 ಮೈಲಿ, ನಿಲ್ಲದೆ ಓಡಿಸಿದರೆ ನಾಲ್ಕೂವರೆ ಗಂಟೆ. ಮಕ್ಕಳು, ಹಿರಿಯರು ಇದ್ದರೆ ಆರು ಅಂತಲೇ ಇಟ್ಟುಕೊಳ್ಳಿ.

ನನ್ನ ಸಲಹೆ: ಪೇಜ್‌ನಲ್ಲಿ ಎರಡು ರಾತ್ರಿ. ಒಂದು ರಾತ್ರಿ ಸಾಲದು. ಕಣಿವೆಯ ಪ್ರವಾಸವನ್ನು ಮೊದಲ ಬೆಳಗ್ಗೆಗೆ ಇಡಿ, ಎರಡನೆಯ ಬೆಳಗ್ಗೆಯನ್ನು ಖಾಲಿ ಬಿಡಿ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಗುಡುಗು ಮಳೆಯ ಕಾಲ. ಕಣಿವೆಯ ಮೇಲೆ ಒಂದು ಹನಿ ಬೀಳದಿದ್ದರೂ ಮೈಲುಗಟ್ಟಲೆ ಮೇಲೆ ಬಿದ್ದ ಮಳೆ ಕೊರಕಲಲ್ಲಿ ನುಗ್ಗಿ ಬರುತ್ತದೆ. 1997ರ ಆಗಸ್ಟ್ 12ರಂದು ಲೋವರ್ ಆ್ಯಂಟಿಲೋಪ್‌ನಲ್ಲಿ 11 ಜನ ತೀರಿಕೊಂಡದ್ದು ಹೀಗೆಯೇ. ಅದಕ್ಕೇ ಈಗ ಸಣ್ಣ ಅನುಮಾನ ಬಂದರೂ ಪ್ರವಾಸ ನಿಲ್ಲಿಸುತ್ತಾರೆ. ಒಂದೇ ರಾತ್ರಿ ಉಳಿದಿದ್ದರೆ ದುಡ್ಡು ವಾಪಸ್ ಬರುತ್ತದೆ, ಕಣಿವೆ ಸಿಗುವುದಿಲ್ಲ.

ಧಾರವಾಡ_ಫೇಡೆ

ದೂರದ ಲೆಕ್ಕ ಬರೋಬ್ಬರಿ ಐತ್ರಿ. ಆದ್ರ ಗಡಿಯಾರದ ಲೆಕ್ಕ ಇನ್ನೂ ಯಾರೂ ಹೇಳಿಲ್ಲ, ಮಂದಿ ಎಡವೋದು ಅಲ್ಲೇ.

ಅರಿಜೋನಾದಾಗ ಬ್ಯಾಸಗಿಗೆ ಗಡಿಯಾರ ಮುಂದ ಸರಸೂದಿಲ್ಲ. ಯೂಟಾದಾಗ ಸರಸ್ತಾರ. ನವಾಹೋ ಅನ್ನೋ ಮೂಲನಿವಾಸಿಗಳ ನಾಡು ಬಹುಪಾಲು ಅರಿಜೋನಾದೊಳಗ ಇದ್ರೂ ಅವರೂ ಸರಸ್ತಾರ. ಹಿಂಗಾಗಿ ಸೆಪ್ಟೆಂಬರ್ ಕೊನೀಗೆ ಪೇಜ್‌ನ್ಯಾಗ ಬೆಳಿಗ್ಗೆ 7 ಅಂದ್ರ ಕನಾಬ್‌ನ್ಯಾಗ 8, ಮಾನ್ಯುಮೆಂಟ್ ವ್ಯಾಲಿಯೊಳಗೂ 8. ಲಾಸ್ ವೇಗಸ್ ಮಾತ್ರ ಆವಾಗ ಪೇಜ್ ಜೋಡಿ ಒಂದೇ ಟೈಮ್. ನವೆಂಬರ್ ಮೊದಲ ಆದಿತ್ಯವಾರದಿಂದ ಮಾರ್ಚ್ ಎರಡನೇ ಆದಿತ್ಯವಾರದ ತನಕ ಉಲ್ಟಾ: ಪೇಜ್, ಯೂಟಾ, ನವಾಹೋ ಮೂರೂ ಒಂದೇ, ವೇಗಸ್ ಒಂದು ತಾಸು ಹಿಂದ.

ಆ್ಯಂಟಿಲೋಪ್ ಇರೋದು ನವಾಹೋ ಜಾಗದಾಗ, ಆದ್ರ ಅಲ್ಲಿಯ ಪ್ರವಾಸದ ಟಿಕೇಟು ನಡಿಯೋದು ಪೇಜ್ ಟೈಮಿನ ಮ್ಯಾಲ. ಇದನ್ನ ಬರದು ಇಟ್ಕೋರಿ.

ಇನ್ನ ಫೋನಿನ ವಿಷಯ. ವಾವೀಪ್‌ನಿಂದ ಯೂಟಾ ಗಡಿ ಕೆಲವೇ ಮೈಲಿ. ರಾತ್ರಿ ಫೋನು ಯೂಟಾ ಟವರ್ ಹಿಡೀತು ಅಂದ್ರ ತಾನ ಒಂದು ತಾಸು ಮುಂದ ಜಿಗೀತದ. ಅಲಾರಂ 6ಕ್ಕ ಇಟ್ರ ಖರೇ 5ಕ್ಕ ಹೊಡೀತದ. ಯೂಟಾದಾಗ ಮಲಕೊಂಡಾಗ ಫೋನು ಅರಿಜೋನಾ ಟವರ್ ಹಿಡಿದ್ರ ಹೋಟೆಲಿನ ನಾಷ್ಟಾ, ರೂಮು ಬಿಡೋ ಟೈಮು ತಪ್ಪತದ. ಉಪಾಯ ಸರಳ ಐತಿ. ಪೇಜ್ ಮುಟ್ಟಿದ ಕೂಡ್ಲೇ ಸೆಟ್ಟಿಂಗ್ಸ್‌ನ್ಯಾಗ ತನ್ನಿಂದತಾನ ಬದಲಾಗೋ ಸಮಯ ಬಂದ್ ಮಾಡಿ ಫೀನಿಕ್ಸ್ (ಅರಿಜೋನಾ ಟೈಮ್) ಅಂತ ಆರಸ್ರಿ. ಮನಿಮಂದಿ ಎಲ್ಲರ ಫೋನಿನ್ಯಾಗೂ ಮಾಡ್ರಿ. ಕಾರಿನ ಗಡಿಯಾರ ನಂಬಬ್ಯಾಡ್ರಿ.

ಕನಾಬ್‌ನ್ಯಾಗ ಉಳದ್ರ ಮುಂಜಾನೆ ಪೇಜ್‌ಗೆ ಬರೂವಾಗ ಒಂದು ತಾಸು ಉಳೀತದ, ಸಂಜಿಗೆ ಹೊಳ್ಳಿ ಹೋಗೂವಾಗ ಕಳೀತದ. ಊಟಕ್ಕ ಮುಟ್ಟೂದ್ರಾಗ ಅಂಗಡಿ, ಖಾನಾವಳಿ ಬಾಗಲಾ ಹಾಕಿರ್ತಾವ.

ಬಂಡೀಪುರ_ಸಫಾರಿ

ಕನಾಬ್ ಪರವಾಗಿಯೂ ಒಂದು ಮಾತು ಇರಲಿ. ಜಯಾನ್, ಬ್ರೈಸ್ ಎರಡೂ ನೋಡುವವರಿಗೆ ಅದಕ್ಕಿಂತ ಒಳ್ಳೆಯ ನಡುಜಾಗ ಇಲ್ಲ. ಜಯಾನ್ ಬಾಗಿಲಲ್ಲಿರುವ ಸ್ಪ್ರಿಂಗ್‌ಡೇಲ್‌ಗಿಂತ ರೂಮು ಸಾಮಾನ್ಯವಾಗಿ ಅಗ್ಗ, ಅಡುಗೆಮನೆ ಇರುವ ಬಾಡಿಗೆ ಮನೆಗಳೂ ಸಿಗುತ್ತವೆ.

‘ದ ವೇವ್’ ಎನ್ನುವ ಅಲೆಬಂಡೆಗೆ ಹೋಗಲು ಆಸೆಪಡುವವರಿಗೂ ಇದು ಲೆಕ್ಕಕ್ಕೆ ಬರುತ್ತದೆ. ದಿನಕ್ಕೆ 64 ಜನರಿಗೆ ಮಾತ್ರ ಅನುಮತಿ. 48 ಮಂದಿಗೆ ತಿಂಗಳುಗಳ ಮುಂಚಿನ ಲಾಟರಿ, 16 ಮಂದಿಗೆ ದಿನದ ಲಾಟರಿ. ದಿನದ ಲಾಟರಿಗೆ ಆ ಸುತ್ತಿನ ಗಡಿಯೊಳಗೆ ನಿಂತೇ ಫೋನಿನಿಂದ ಅರ್ಜಿ ಹಾಕಬೇಕು, ಗೆದ್ದರೆ ನಡಿಗೆ ಎರಡು ದಿನ ಬಿಟ್ಟು. ಕನಾಬ್, ಪೇಜ್ ಎರಡೂ ಆ ಗಡಿಯೊಳಗಿವೆ. ಹಾಗಾಗಿ ಅದನ್ನು ನೆಚ್ಚುವವರು ಈ ಭಾಗದಲ್ಲೇ ಕಡಿಮೆ ಅಂದರೆ ಮೂರು ರಾತ್ರಿ ಇರಬೇಕು. ಹಿರಿಯರು, ಪುಟ್ಟ ಮಕ್ಕಳಿಗೆ ಆ ನಡಿಗೆ ಆಗದು; ಮರಳು, ಬಂಡೆಯ ಮೇಲೆ ಗುರುತಿಲ್ಲದ ದಾರಿ.

ಕೆಂಪುಕಲ್ಲು

@ಬಂಡೀಪುರ_ಸಫಾರಿ, ಜಯಾನ್–ಬ್ರೈಸ್ ಮುಖ್ಯವಾದರೆ ನಿಮ್ಮ ಮಾತು ನೂರಕ್ಕೆ ನೂರು ಸರಿ. ಇವರ ಪಟ್ಟಿಯಲ್ಲಿ ಎರಡೂ ಇಲ್ಲ. ಕನಾಬ್‌ನಲ್ಲಿ ಉಳಿದರೆ ದಿನಕ್ಕೆ ಸುಮಾರು 150 ಮೈಲಿ ಬರೀ ಹೋಗಿಬರುವುದಕ್ಕೆ. ಸಂಜೆಯ ಬೆಳಕು ನೋಡಿಕೊಂಡು ಕತ್ತಲಲ್ಲಿ 89ನೇ ಹೆದ್ದಾರಿಯಲ್ಲಿ ಹಿಂತಿರುಗಬೇಕು, ಅದು ಜಿಂಕೆಗಳು ಗುಂಪಾಗಿ ದಾಟುವ ರಸ್ತೆ. ಬೇಲಿ ಹಾಕಿ ರಸ್ತೆಯಡಿ ದಾರಿ ಮಾಡಿದ್ದಾರೆ, ಆದರೆ ಇಡೀ ಉದ್ದಕ್ಕೂ ಇಲ್ಲ. ಮುಸ್ಸಂಜೆ ಮತ್ತು ನಸುಕಿನಲ್ಲೇ ಅವು ಓಡಾಡುವುದು.

ಜೊತೆಗೆ ಮಂಡಿನೋವಿನವರಿಗೆ ಮಧ್ಯಾಹ್ನ ಎರಡು ಗಂಟೆ ಕಾಲು ಚಾಚಿ ಮಲಗಲು ರೂಮು ಹತ್ತಿರ ಇರಬೇಕು. ಪೇಜ್‌ನಲ್ಲಿ ಉಳಿದರೆ ಅದು ಆಗುತ್ತದೆ. ಆಸ್ಪತ್ರೆಯೂ ಊರೊಳಗೇ ಇದೆ.

ಕಡಲ_ಕರೆ

ಅಮ್ಮನ ಮಂಡಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಅಂತರ್ಜಾಲದಲ್ಲಿರುವ ಹಳೆಯ ಬರಹಗಳು ಇಲ್ಲಿ ದಾರಿ ತಪ್ಪಿಸುತ್ತವೆ.

ಲೋವರ್ ಆ್ಯಂಟಿಲೋಪ್ ಬೇಡವೇ ಬೇಡ. ನೆಲದಲ್ಲಿನ ಬಿರುಕಿನೊಳಗೆ ಕಡಿದಾದ ಕಬ್ಬಿಣದ ಮೆಟ್ಟಿಲಲ್ಲಿ ಇಳಿಯಬೇಕು, ಕೆಲವು ಕಡೆ ಅದು ಏಣಿಯೇ. ಒಳಗೆ ಪಾದ ಓರೆ ಮಾಡಿ ಇಡುವಷ್ಟು ಕಿರಿದು. ಒಂದೇ ದಿಕ್ಕಿನ ದಾರಿ, ಹಿಂದೆ ಜನ ಬರುತ್ತಲೇ ಇರುತ್ತಾರೆ, ನಡುವೆ ತಿರುಗಿ ಬರಲಾಗದು.

ಅಪ್ಪರ್ ಸಮತಟ್ಟು ಅಂತ ಎಲ್ಲ ಕಡೆ ಬರೆದಿರುತ್ತಾರೆ. ಒಳಗಿನ ನಡಿಗೆ ಈಗಲೂ ಮರಳಿನ ಸಪಾಟು ನೆಲವೇ, ಮುಂಬಾಗಿಲ ತನಕ ಗಾಡಿಯಲ್ಲೇ ಬಿಡುತ್ತಾರೆ. ಆದರೆ 2021ರಲ್ಲಿ ಮತ್ತೆ ತೆರೆದ ಮೇಲೆ ಒಳಹೋದ ದಾರಿಯಲ್ಲೇ ವಾಪಸ್ ಬರುವ ಕ್ರಮ ನಿಂತಿದೆ. ಆಚೆ ತುದಿಯಲ್ಲಿ ಹೊರಬಿದ್ದು ಲೋಹದ ಮೆಟ್ಟಿಲು ಹತ್ತಿ, ಬಂಡೆಯ ಮೇಲೆ ಹಾಸಿದ ದಾರಿಯಲ್ಲಿ ಸುತ್ತಿ ಗಾಡಿಗೆ ಬರಬೇಕು. ಮೆಟ್ಟಿಲಿಗೆ ಹಿಡಿಕೆ ಇದೆ. ನಿಧಾನಕ್ಕೆ ಒಂದು ಮಹಡಿ, ಎರಡು ಮಹಡಿ ಹತ್ತಬಲ್ಲವರಿಗೆ ಆಗುತ್ತದೆ. ಅಷ್ಟೂ ಆಗದು ಅಂದರೆ ಬುಕ್ ಮಾಡುವ ಮುಂಚೆ ಕಂಪನಿಗೆ ಫೋನು ಮಾಡಿ ನೇರ ಕೇಳಿ: ‘ಮಂಡಿನೋವಿನವರು ಇದ್ದಾರೆ, ಹೊರಬರುವ ಮೆಟ್ಟಿಲು ತಪ್ಪಿಸಲು ವ್ಯವಸ್ಥೆ ಇದೆಯಾ?’

ಅಮ್ಮನಿಗೆ ಯಾವುದೂ ಬೇಡವೆಂದರೆ ದೋಣಿಯಿದೆ. ವಾವೀಪ್ ಮತ್ತು ಆ್ಯಂಟಿಲೋಪ್ ಪಾಯಿಂಟ್ ಕಡೆಯಿಂದ ಹೊರಡುವ ಪ್ರವಾಸದ ದೋಣಿಗಳು ಅದೇ ಕಣಿವೆಯ ನೀರು ತುಂಬಿದ ಕೆಳತುದಿಗೆ ಹೋಗುತ್ತವೆ. ಕೂತಲ್ಲೇ ಎರಡೂ ಕಡೆ ಕೆಂಪು ಗೋಡೆ. ಮೇಲಿನಿಂದ ಬೀಳುವ ಬೆಳಕಿನ ಕೋಲು ಕಾಣದು, ಬಂಡೆಯ ಬಣ್ಣ ಕಾಣುತ್ತದೆ.

ಎರಡೂ ಕಣಿವೆಗೆ ಚೀಲ ಒಯ್ಯುವಂತಿಲ್ಲ. ಹೆಗಲ ಚೀಲ, ಸೊಂಟದ ಚೀಲ, ಹೆಂಗಸರ ವ್ಯಾನಿಟಿ ಬ್ಯಾಗು ಯಾವುದೂ ಇಲ್ಲ. ಟ್ರೈಪಾಡ್, ಸೆಲ್ಫಿ ಕೋಲು ಇಲ್ಲ. ಹಿರಿಯರ ಮಾತ್ರೆ ಜೇಬಿನಲ್ಲಿ, ನೀರಿನ ಬಾಟಲಿ ಕೈಯಲ್ಲಿ. ಸೀರೆ ಉಟ್ಟು ಬರುವವರು ಆ ದಿನ ಚೂಡಿದಾರ್ ಹಾಕಿದರೆ ಮೆಟ್ಟಿಲಿಗೆ ಸುಲಭ. ಮೇಲಿನಿಂದ ಮರಳು ಸಣ್ಣಗೆ ಸುರಿಯುತ್ತಲೇ ಇರುತ್ತದೆ, ತಲೆಗೊಂದು ಬಟ್ಟೆ ಇರಲಿ.

ಅಪ್ಪರ್‌ನಲ್ಲಿ ಮೇಲಿನಿಂದ ಕೋಲಿನಂತೆ ಬೀಳುವ ಬೆಳಕು ಮಾರ್ಚ್ ಕೊನೆಯಿಂದ ಅಕ್ಟೋಬರ್ ಮೊದಲ ದಿನಗಳವರೆಗೆ, ಹೊತ್ತು ಸುಮಾರು 11ರಿಂದ 1. ನಿಮ್ಮದು ಸೆಪ್ಟೆಂಬರ್ ಕೊನೆ, ಅಂದರೆ ಋತುವಿನ ಬಾಲ. ಆ ಹೊತ್ತಿನ ಟಿಕೇಟು ದುಬಾರಿ, ಜನವೂ ಹೆಚ್ಚು. ಹಿರಿಯರ ಜೊತೆಗಾದರೆ ಬೆಳಗ್ಗೆ 8–9ರ ತಂಡ ಆರಿಸಿ. ಕೋಲು ಇರುವುದಿಲ್ಲ, ಗೋಡೆಯ ಬಣ್ಣಕ್ಕೆ ಕೊರತೆ ಇಲ್ಲ, ತಂಪೂ ಇರುತ್ತದೆ.

ಶರಾವತಿ_ಹಿನ್ನೀರು

ವಾವೀಪ್ ರೆಸಾರ್ಟ್ ಬಗ್ಗೆ. ‘ಹಿನ್ನೀರಿನ ಪಕ್ಕ’ ಎಂದ ಕೂಡಲೇ ಬಾಗಿಲು ತೆಗೆದರೆ ನೀರಿಗೆ ಕಾಲಿಡಬಹುದು ಅಂದುಕೊಳ್ಳಬೇಡಿ. ಬೇಸಿಗೆಯಲ್ಲಿ ಲಿಂಗನಮಕ್ಕಿ ಹಿನ್ನೀರು ಹೇಗೆ ಹಿಂದೆ ಸರಿದು ಬೋಳು ದಂಡೆ ಬಿಡುತ್ತದೋ ಅದೇ ಕಥೆ, ಅಳತೆ ಮಾತ್ರ ದೊಡ್ಡದು. ಪೂರ್ತಿ ಮಟ್ಟ 3,700 ಅಡಿ. 2023ರ ಆರಂಭದಲ್ಲಿ ಅದು ಸುಮಾರು 3,520 ಅಡಿಗೆ ಇಳಿದಿತ್ತು. ಗೋಡೆಯಂಥ ಬಂಡೆಯ ಮೇಲೆ ಕಾಣುವ ಬಿಳಿ ಪಟ್ಟೆ ಹಳೆಯ ನೀರಿನ ಗುರುತು. ನೀರು ಇಳಿದಂತೆ ತೇಲುವ ದೋಣಿಕಟ್ಟೆಯನ್ನೂ ದೂರ ತಳ್ಳುತ್ತಾರೆ; ಕಾರು ನಿಲ್ಲಿಸಿದಲ್ಲಿಂದ ದೋಣಿಗೆ ಇಳಿಜಾರಿನಲ್ಲಿ ನಡೆಯಬೇಕು. ಅಮ್ಮನಿಗಾಗಿ ಬ್ಯಾಟರಿ ಗಾಡಿ ಇದೆಯೇ ಅಂತ ದೋಣಿ ಟಿಕೇಟು ತೆಗೆಯುವಾಗಲೇ ಕೇಳಿ.

ರೆಸಾರ್ಟಿನ ಲಾಭ ಎರಡು. ಬೆಳಗಿನ ದೋಣಿ ಹಿಡಿಯಲು ಎದ್ದು ನಡೆದರೆ ಸಾಕು. ಸೂರ್ಯೋದಯ ರೂಮಿನಿಂದಲೇ. ಸೆಪ್ಟೆಂಬರ್ ಕೊನೆಗೆ ಪೇಜ್ ಟೈಮಿನಲ್ಲಿ ಸೂರ್ಯ ಸುಮಾರು 6.15ಕ್ಕೆ ಹುಟ್ಟಿ 6.20ರ ಸುಮಾರಿಗೆ ಮುಳುಗುತ್ತಾನೆ. ನೀರಿನಾಚೆಯ ಬಂಡೆಗಳ ನೆತ್ತಿಗೆ ಮೊದಲು ಕೆಂಪು ಹತ್ತುತ್ತದೆ, ಬೆಳಕು ಒಂದೊಂದೇ ಪದರ ಇಳಿದು ನೀರು ಮುಟ್ಟಲು ಸುಮಾರು ಕಾಲು ಗಂಟೆ.

ನಷ್ಟಗಳೂ ಇವೆ. ಅದು ಗ್ಲೆನ್ ಕ್ಯಾನಿಯನ್ ಮನರಂಜನಾ ಪ್ರದೇಶದ ಗೇಟಿನೊಳಗಿದೆ, ಕಾರಿಗೆ ಪ್ರವೇಶಶುಲ್ಕ. ಒಮ್ಮೆ ಕಟ್ಟಿದರೆ ಏಳು ದಿನ ನಡೆಯುತ್ತದೆ, ರಸೀದಿ ಇಟ್ಟುಕೊಳ್ಳಿ. ದಿನಸಿ, ಹಾಲು, ಮೊಸರು ಬೇಕೆಂದರೆ ಪ್ರತಿ ಸಲ ಏಳು ಮೈಲಿ ಊರಿಗೆ. ಊಟಕ್ಕೆ ಅಲ್ಲಿಯದೇ ಒಂದೆರಡು ಜಾಗ, ಸಸ್ಯಾಹಾರ ಅಂದರೆ ಸಲಾಡು, ಪಿಜ್ಜಾ ಮಟ್ಟಕ್ಕೇ ನಿಲ್ಲುತ್ತದೆ. ಹಲವು ಕಟ್ಟಡಗಳ ದೊಡ್ಡ ಆವರಣ. ನೆಲಮಹಡಿ ಬೇಕು, ಸ್ವಾಗತ ಕಟ್ಟಡಕ್ಕೆ ಹತ್ತಿರ ಬೇಕು ಅಂತ ಬುಕ್ಕಿಂಗಿನಲ್ಲಿ ಬರೆದು, ಹೋಗುವ ಎರಡು ದಿನ ಮುಂಚೆ ಫೋನಿನಲ್ಲೂ ನೆನಪಿಸಿ. ನೀರಿನ ನೋಟದ ರೂಮು, ನಿಲುಗಡೆ ನೋಟದ ರೂಮು ಅಂತ ಎರಡು ದರ. ನಿಲುಗಡೆ ನೋಟದ ರೂಮು ಹಿಡಿಯುವುದಾದರೆ ಊರೊಳಗೇ ಇರುವುದು ವಾಸಿ.

ಒಗ್ಗರಣೆ

ಸಸ್ಯಾಹಾರ ಎಂದಿರಿ, ಅದಕ್ಕೆ ಬರೆಯುತ್ತಿದ್ದೇನೆ. ಪೇಜ್‌ನಲ್ಲಿ ವಾಲ್‌ಮಾರ್ಟ್, ಸೇಫ್‌ವೇ ಎರಡೂ ಇವೆ. ಮೊಸರು, ಅಕ್ಕಿ, ತರಕಾರಿ, ಡಬ್ಬಿಯ ಕಡಲೆ ಎಲ್ಲ ಸಿಗುತ್ತದೆ. ತೊಗರಿಬೇಳೆ, ಸಾರಿನ ಪುಡಿ, ಹುಳಿಯನ್ನ ಗೊಜ್ಜು, ಅವಲಕ್ಕಿ, ಚಟ್ನಿಪುಡಿ ನೀವೇ ತರಬೇಕು.

ಆರು ಜನಕ್ಕೆ ಎರಡು ಹೋಟೆಲ್ ರೂಮು ಹಿಡಿಯುವುದಕ್ಕಿಂತ ಅಡುಗೆಮನೆ ಇರುವ ಜಾಗ ನೋಡಿ. ಊರಿನ 8ನೇ ಅವೆನ್ಯೂದಲ್ಲಿ ಚಿಕ್ಕ ಚಿಕ್ಕ ಮೋಟೆಲುಗಳ ಸಾಲು ಇದೆ. ಮೂಲದಲ್ಲಿ ಅಣೆಕಟ್ಟು ಕೆಲಸಗಾರರ ಕುಟುಂಬಗಳಿಗೆ ಕಟ್ಟಿದ ಮನೆಗಳು, ಹಾಗಾಗಿ ಕೆಲವಕ್ಕೆ ಎರಡು ಕೋಣೆ, ಪೂರ್ತಿ ಅಡುಗೆಮನೆ ಇವೆ. ಹಳೆಯವು, ಬಚ್ಚಲು ಸಣ್ಣದು, ಗೋಡೆ ತೆಳು. ಆದರೆ ಒಲೆ ಇರುತ್ತದೆ, ಕಾರು ಬಾಗಿಲ ಮುಂದೆಯೇ ನಿಲ್ಲುತ್ತದೆ. ಲೇಕ್ ಪೊವೆಲ್ ಬುಲೆವಾರ್ಡ್‌ನ ದೊಡ್ಡ ಸರಣಿ ಹೋಟೆಲುಗಳಲ್ಲಿ ಲಿಫ್ಟು, ಬೆಳಗಿನ ತಿಂಡಿ ಉಂಟು. ರೂಮಿನಲ್ಲಿ ಫ್ರಿಜ್ಜು, ಮೈಕ್ರೋವೇವ್ ಮಾತ್ರ.

ಅಂಥ ರೂಮಿನಲ್ಲಿ ಕರೆಂಟ್ ಕುಕ್ಕರ್‌ನಲ್ಲಿ ಅನ್ನ ಮಾಡಿಕೊಳ್ಳುವವರಿದ್ದಾರೆ, ಅನುಮತಿ ಇದೆಯೇ ಕೇಳಿಯೇ ಮಾಡಿ. ಒಗ್ಗರಣೆ ಮಾತ್ರ ಹಾಕಬೇಡಿ. ಒಣಮೆಣಸಿನಕಾಯಿ, ಸಾಸಿವೆ ಸಿಡಿದ ಹೊಗೆ ಸೂರಿನ ಅಲಾರಂ ಮುಟ್ಟಿದರೆ ಕೂಗು ಶುರುವಾಗುತ್ತದೆ, ದಂಡ ಬಿದ್ದರೂ ಬಿತ್ತು. ಮನೆಯಲ್ಲೇ ಒಗ್ಗರಣೆ ಹಾಕಿ ಆರಿಸಿ ಸಣ್ಣ ಸೀಸೆಯಲ್ಲಿ ತನ್ನಿ, ಎಣ್ಣೆ ಸ್ವಲ್ಪ ಮುಂದಿರಲಿ, ಕರಿಬೇವು ಗರಿಗರಿಯಾಗುವಷ್ಟು ಹುರಿದಿರಲಿ. ನಾಲ್ಕು ದಿನಕ್ಕೆ ತೊಂದರೆ ಇಲ್ಲ.

ಊರಿಂದ ತಂದ 230 ವೋಲ್ಟಿನ ಕುಕ್ಕರ್ ಇಲ್ಲಿಯ 120 ವೋಲ್ಟಿಗೆ ಸರಿಯಾಗಿ ಕಾಯುವುದಿಲ್ಲ, ಪ್ಲಗ್ ಬದಲಿಸಿದರೂ ಅಷ್ಟೇ.

4,300 ಅಡಿ ಎತ್ತರದಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದು ತಡ, ಅನ್ನ ಬಿರುಸು. ಲೋಟ ಅಕ್ಕಿಗೆ ಕಾಲು ಲೋಟ ನೀರು ಹೆಚ್ಚಿಡಿ, ತೊಗರಿಬೇಳೆ ಒಂದು ಗಂಟೆ ನೆನೆಸಿ. ಇನ್‌ಸ್ಟಂಟ್ ಪಾಟ್ ಎಂಬ ಕರೆಂಟ್ ಪ್ರೆಶರ್ ಕುಕ್ಕರಿನಲ್ಲಾದರೆ ಹತ್ತರಲ್ಲಿ ಒಂದು ಪಾಲು ಹೊತ್ತು ಹೆಚ್ಚಿಟ್ಟರೆ ಸಾಕು.

ಹೊರಗೆ ತಿನ್ನುವಾಗ: ಮೆಕ್ಸಿಕನ್ ಹೋಟೆಲಿನ ರುಬ್ಬಿದ ಬೀನ್ಸ್ ಕಾಳಿಗೆ (ರಿಫ್ರೈಡ್ ಬೀನ್ಸ್) ಹಂದಿ ಕೊಬ್ಬು ಹಾಕುವುದುಂಟು, ಕೆಂಪು ಅನ್ನಕ್ಕೆ ಕೋಳಿ ಸಾರು. ನವಾಹೋ ಕರಿದ ರೊಟ್ಟಿಯನ್ನೂ ಕೆಲವರು ಹಂದಿ ಕೊಬ್ಬಿನಲ್ಲೇ ಕರಿಯುತ್ತಾರೆ. ಮೂರನ್ನೂ ಹೆಸರು ಹಿಡಿದು ಕೇಳಿ, ‘ವೆಜಿಟೇರಿಯನ್ನಾ?’ ಅಂದರೆ ಮಾಂಸದ ತುಂಡಿಲ್ಲ ಅನ್ನುವ ಅರ್ಥದಲ್ಲಿ ಹೌದು ಅಂದುಬಿಡುತ್ತಾರೆ.

ಕೊಡಚಾದ್ರಿ_ಚಾರಣ

ನಡುವೆ ಒಂದು ಪ್ರಶ್ನೆ. ಲೋನ್ ರಾಕ್ ದಂಡೆಯಲ್ಲಿ ಟೆಂಟ್ ಹಾಕಬಹುದಂತೆ. ಹೌಸ್‌ಬೋಟ್ ಕೂಡ ಬಾಡಿಗೆಗೆ ಸಿಗುತ್ತದಂತೆ. ಇಂಥ ಕುಟುಂಬಕ್ಕೆ ಹೊಂದುತ್ತದೆಯೇ?

ಶರಾವತಿ_ಹಿನ್ನೀರು

ಲೋನ್ ರಾಕ್ ಯೂಟಾ ಕಡೆಯ ಮರಳ ದಂಡೆ. ನೀರಿನ ಅಂಚಿನ ತನಕ ಗಾಡಿ ಒಯ್ಯಬಹುದು, ಅದೇ ಅದರ ಆಕರ್ಷಣೆ, ಅದೇ ಅಪಾಯ. ಮೇಲೆ ಗಟ್ಟಿ ಕಾಣುವ ಮರಳು ನೀರಿನ ಹತ್ತಿರ ಹಿಟ್ಟಿನಂತೆ ಸಡಿಲ. ಎರಡು ಗಾಲಿಯ ಎಳೆತದ ಬಾಡಿಗೆ ಕಾರು ಹೂತರೆ ಎಳೆಸುವ ಖರ್ಚು ನಿಮ್ಮ ತಲೆಗೆ, ಡಾಂಬರು ಬಿಟ್ಟು ಇಳಿದಲ್ಲಿ ಬಾಡಿಗೆ ವಿಮೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ನಾಲ್ಕು ಗಾಲಿಯ ಎಳೆತ ಇರುವವರೂ ಚಕ್ರದ ಗಾಳಿಯನ್ನು 15–20 ಪಿಎಸ್‌ಐಗೆ ಇಳಿಸಿ, ಹೊರಬಂದು ತುಂಬಿಸಿಕೊಳ್ಳಲು ಪಂಪು ಇಟ್ಟುಕೊಂಡೇ ಇಳಿಯುತ್ತಾರೆ. ಮರದ ನೆರಳು ಒಂದೂ ಇಲ್ಲ. ಗಾಳಿ ಎದ್ದರೆ ಸಾಮಾನ್ಯ ಟೆಂಟಿನ ಗೂಟ ಮರಳಲ್ಲಿ ನಿಲ್ಲದು; ಚೀಲಕ್ಕೆ ಮರಳು ತುಂಬಿ ಹೂತು ಅದಕ್ಕೆ ಹಗ್ಗ ಕಟ್ಟಬೇಕು. ಜಲಾಶಯದ ಅಂಚಿನಿಂದ ಕಾಲು ಮೈಲಿಯೊಳಗೆ ಬಿಡಾರ ಹೂಡುವವರು ಹತ್ತಿರ ಶೌಚಾಲಯ ಇಲ್ಲದಿದ್ದರೆ ಸ್ವಂತ ಮಲದ ಡಬ್ಬಿ ತಂದು ವಾಪಸ್ ಒಯ್ಯಬೇಕು, ನಿಯಮವೇ ಇದೆ. ಟೆಂಟೇ ಬೇಕೆಂದರೆ ವಾವೀಪ್ ಕ್ಯಾಂಪ್‌ಗ್ರೌಂಡ್ ಒಳ್ಳೆಯದು: ಡಾಂಬರು ದಾರಿ, ನೀರು, ಶೌಚಾಲಯ.

ಹೌಸ್‌ಬೋಟ್ ಎರಡು ಮೂರು ಕುಟುಂಬ ಸೇರಿ, ಕಡಿಮೆ ಅಂದರೆ ನಾಲ್ಕು ದಿನ ಇದ್ದರೆ ಮಾತ್ರ. ಬಾಡಿಗೆಯ ಮೇಲೆ ಇಂಧನ ಬೇರೆ. ರಾತ್ರಿ ಮೂತಿಯನ್ನು ಮರಳಿಗೆ ಹತ್ತಿಸಿ, ಲಂಗರುಗಳನ್ನು ಎರಡೂ ಬದಿಗೆ ಓರೆಯಾಗಿ ದೂರ ಒಯ್ದು ಮೊಣಕಾಲುದ್ದ ಗುಂಡಿಯಲ್ಲಿ ಹೂಳಬೇಕು. ಇದು ಸಡಿಲವಾದರೆ ನಡುರಾತ್ರಿಯ ಗಾಳಿಗೆ ಮನೆಯಷ್ಟು ದೊಡ್ಡ ದೋಣಿ ಅಡ್ಡ ತಿರುಗಿ ಬಂಡೆಗೆ ಬಡಿಯುತ್ತದೆ.

ಒಂದು ಎಚ್ಚರಿಕೆ ತುಂಬ ಗಂಭೀರವಾಗಿ. ಜನರೇಟರ್ ಅಥವಾ ಎಂಜಿನ್ ಓಡುತ್ತಿರುವಾಗ ದೋಣಿಯ ಹಿಂಬದಿಯ ಈಜುಹಲಗೆಯ ಬಳಿ, ಅದರ ಕೆಳಗೆ ಯಾರನ್ನೂ ಈಜಲು ಬಿಡಬೇಡಿ. ಕಾರ್ಬನ್ ಮೊನಾಕ್ಸೈಡ್ ಅಲ್ಲಿ ಕಟ್ಟಿಕೊಳ್ಳುತ್ತದೆ, ವಾಸನೆ ಇಲ್ಲ, ಎರಡು ಮೂರು ಉಸಿರಿಗೆ ಪ್ರಜ್ಞೆ ತಪ್ಪಬಹುದು. ಈ ಹಿನ್ನೀರಿನಲ್ಲೇ ಹೀಗೆ ಮಕ್ಕಳು ಸತ್ತಿದ್ದಾರೆ. ಯಾವ ದೋಣಿಯೇ ಆಗಲಿ, 12 ಮತ್ತು ಅದಕ್ಕಿಂತ ಚಿಕ್ಕವರು ಲೈಫ್ ಜಾಕೆಟ್ ಹಾಕಿರಲೇಬೇಕು. 4 ವರ್ಷದ ಮಗುವಿಗೆ ದೊಡ್ಡದು ಜಾರುತ್ತದೆ. ತೂಕಕ್ಕೆ ತಕ್ಕದ್ದು, ತೊಡೆಯ ನಡುವೆ ಪಟ್ಟಿ ಇರುವುದು ಕೇಳಿ ಪಡೆಯಿರಿ.

ಧಾರವಾಡ_ಫೇಡೆ

ಮಾನ್ಯುಮೆಂಟ್ ವ್ಯಾಲಿ ವಿಚಾರ. ಅಲ್ಲಿ ಒಂದು ರಾತ್ರಿ ಉಳಿಯೂದು ಚಂದ, ಸುಳ್ಳಲ್ಲ. ನವಾಹೋ ಮಂದೀದೇ ‘ದ ವ್ಯೂ’ ಅನ್ನೋ ಹೋಟೆಲ್ ಕಣಿವಿ ಅಂಚಿನ ಮ್ಯಾಲ ಐತಿ, ಬಾಲ್ಕನಿಯಿಂದ ಕಲ್ಲಬಂಡಿಗೋಳು ಎದುರಿಗೇ ಕಾಣ್ತಾವ. ಯೂಟಾ ಬಾಜೂಕ ಗೋಲ್ಡಿಂಗ್ಸ್ ಐತಿ. ಎರಡೂ ತುಂಬಿದ್ರ ದಕ್ಷಿಣಕ್ಕ ಸುಮಾರು 25 ಮೈಲಿ ಕಾಯೆಂಟಾದಾಗ ಹೋಟೆಲ್ ಸಿಗ್ತಾವ. ಬಂಡಿ ನಡುವಿನ 17 ಮೈಲಿ ದಾರಿ ಮಣ್ಣಿಂದು, ಕುಳಿ ಭಾಳ. ಸಣ್ಣ ಕಾರು ತಳಾ ಬಡೀತದ. ತೆರದ ಜೀಪಿನ ಪ್ರವಾಸದಾಗ ಕುಲುಕಾಟ ಜೋರ, ಮಂಡಿ ಬ್ಯಾನಿ ಇದ್ದವರಿಗೆ ತ್ರಾಸ. ಹೋಟೆಲಿನ ಕಟ್ಟಿ ಮ್ಯಾಲ ಕುಂತು ನೋಡಿದ್ರೂ ಮುಖ್ಯ ಮೂರು ಬಂಡಿ ಕಾಣ್ತಾವ. ನವಾಹೋ ನಾಡಿನಾಗ ದಾರೂ ಇಲ್ಲ, ಡ್ರೋನ್ ಇಲ್ಲ, ರಾಷ್ಟ್ರೀಯ ಉದ್ಯಾನದ ಫೆಡರಲ್ ಪಾಸ್ ನಡಿಯೂದಿಲ್ಲ.

ಆದ್ರ ನಿಮಗ ನಾಲ್ಕೇ ರಾತ್ರಿ. ಅಲ್ಲಿಂದ ವೇಗಸ್‌ಗೆ ಸುಮಾರು 400 ಮೈಲಿ, ಆರೂವರೆ ತಾಸಿಗಿಂತ ಕಡಿಮಿ ಇಲ್ಲ. ಹಿರೇರನ್ನ ಕುಂದರಿಸಿಕೊಂಡು ಅಷ್ಟು ಓಡಸಬ್ಯಾಡ್ರಿ. ಅದರ ಬದಲಿ ಗ್ರ್ಯಾಂಡ್ ಕ್ಯಾನಿಯನ್ ದಕ್ಷಿಣ ಅಂಚಿಗೆ ಹೋಗ್ರಿ. ಪೇಜ್‌ನಿಂದ 89ರ ಮ್ಯಾಲ ಕ್ಯಾಮೆರಾನ್ ತನಕ ಇಳದು 64 ಹಿಡದ್ರ ಪೂರ್ವದ ಡೆಸರ್ಟ್ ವ್ಯೂ ಬಾಗಲದಿಂದ ಒಳಗ ಹೊಕ್ಕೀರಿ, ದಾರಿ ಉದ್ದಕ್ಕೂ ಕಾರಿನಿಂದ ಹತ್ತು ಹೆಜ್ಜಿ ನಡದ್ರ ಕಣಿವಿ ಕಾಣೋ ಜಾಗ ಅದಾವ. ಮುಂದ ವೇಗಸ್‌ಗೆ ಸುಮಾರು 280 ಮೈಲಿ. ಪಾರ್ಕಿನ ಒಳಗಿನ ರೂಮು ವರ್ಷದ ಮೊದಲೇ ಖಾಲಿ ಆಗಿರ್ತಾವ, ಬಾಗಲದ ಹೊರಗ ಟುಸಾಯನ್‌ನ್ಯಾಗ ನೋಡ್ರಿ.

ಉತ್ತರ ಅಂಚು ಸದ್ಯ ಮರೀರಿ. 2025ರ ಜುಲೈನ ಬೆಂಕಿಯೊಳಗ ಅಲ್ಲಿಯ ಲಾಡ್ಜು ಪೂರ್ತಿ ಸುಟ್ಟು ಹೋಗೇದ.

ಬಂಡೀಪುರ_ಸಫಾರಿ

ಶುಲ್ಕದ ಬಗ್ಗೆ ಸೇರಿಸುತ್ತೇನೆ, ಊರಿಂದ ಬಂದ ಹಿರಿಯರಿರುವ ಎಲ್ಲರಿಗೂ ಬೇಕಾದದ್ದು. 2026ರ ಜನವರಿ 1ರಿಂದ ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ ಇಲ್ಲಿಯ ನಿವಾಸಿಗಳಿಗೆ 80 ಡಾಲರ್, ಹೊರದೇಶದವರಿಗೆ 250. ಜಯಾನ್, ಬ್ರೈಸ್, ಗ್ರ್ಯಾಂಡ್ ಕ್ಯಾನಿಯನ್ ಸೇರಿ 11 ಉದ್ಯಾನಗಳಲ್ಲಿ ಪಾಸಿಲ್ಲದ ಹೊರದೇಶದ 16 ತುಂಬಿದವರಿಗೆ ತಲೆಗೆ 100 ಡಾಲರ್ ಹೆಚ್ಚುವರಿ. ಗ್ಲೆನ್ ಕ್ಯಾನಿಯನ್ ಆ ಪಟ್ಟಿಯಲ್ಲಿಲ್ಲ. ಹಾರ್ಸ್‌ಶೂ ಬೆಂಡ್ ನಿಲುಗಡೆ ಪೇಜ್ ನಗರದ್ದು, ಕಾರಿಗೆ 10 ಡಾಲರ್, ಯಾವ ಪಾಸೂ ಅಲ್ಲಿ ನಡೆಯುವುದಿಲ್ಲ. ವೇಗಸ್‌ನಿಂದ ಬರುವಾಗ ಸೇಂಟ್ ಜಾರ್ಜ್, ಹರಿಕೇನ್, ಫ್ರೆಡೋನಿಯಾ, ಕನಾಬ್ ದಾರಿ ಹಿಡಿದರೆ ಜಯಾನ್ ಗೇಟು ದಾಟಬೇಕಿಲ್ಲ.

ಕೆಂಪುಕಲ್ಲು

ಬುಕ್ ಮಾಡುವ ಕ್ರಮವನ್ನೂ ಹೇಳಿಬಿಡುತ್ತೇನೆ, ಇದನ್ನು ತಲೆಕೆಳಗು ಮಾಡುವವರೇ ಹೆಚ್ಚು. ಮೊದಲು ಎರಡು ರಾತ್ರಿಗೆ ಉಚಿತವಾಗಿ ರದ್ದು ಮಾಡಬಹುದಾದ ರೂಮು ಹಿಡಿದಿಡಿ. ಕೂಡಲೇ ಕಣಿವೆಯ ಟಿಕೇಟು ನೋಡಿ. ನಿಮಗೆ ಬೇಕಾದ ಬೆಳಗ್ಗೆಗೆ ಆರು ಜಾಗ ಒಟ್ಟಿಗೆ ಸಿಗದಿದ್ದರೆ ರೂಮಿನ ದಿನವನ್ನೇ ಸರಿಸಿ. ದೋಣಿ ಮೂರನೆಯದು. ಕಡಿಮೆ ದರಕ್ಕೆ ಆಸೆಪಟ್ಟು ಹಣ ಹಿಂತಿರುಗದ ರೂಮನ್ನು ಮೊದಲು ಕೊಂಡವರು ಟಿಕೇಟು ಸಿಗದೆ ಸಿಕ್ಕಿಕೊಳ್ಳುತ್ತಾರೆ. ಶುಕ್ರವಾರ, ಶನಿವಾರ ಬಿಟ್ಟರೆ ಎರಡೂ ಸುಲಭ.

ಪ್ರವಾಸ ಎಲ್ಲಿಂದ ಹೊರಡುತ್ತದೆ ಎಂಬುದನ್ನೂ ಟಿಕೇಟಿನಲ್ಲಿ ಓದಿ. ಅಪ್ಪರ್‌ನ ಕೆಲವು ತಂಡಗಳು ಊರೊಳಗಿನ ಕಚೇರಿಯಿಂದ ಹೊರಡುತ್ತವೆ, ಕೆಲವು 98ನೇ ಹೆದ್ದಾರಿಯ ಕಣಿವೆ ಬಾಗಿಲಿನಿಂದ. ಅರ್ಧ ಗಂಟೆ ಮುಂಚೆ ಅಲ್ಲಿರಬೇಕು. ತಡವಾದರೆ ಮುಂದಿನ ತಂಡಕ್ಕೆ ಹಾಕುವ ಭರವಸೆ ಇಲ್ಲ.

ಹೇಮಾವತಿ_ದಡ

ಎಲ್ಲರಿಗೂ ತುಂಬು ಧನ್ಯವಾದ. ಈಗ ಹೀಗೆ ತೀರ್ಮಾನಿಸಿದ್ದೇವೆ: ಪೇಜ್ ಊರೊಳಗೆ ಅಡುಗೆಮನೆ ಇರುವ ಜಾಗದಲ್ಲಿ ಎರಡು ರಾತ್ರಿ, ಟುಸಾಯನ್‌ನಲ್ಲಿ ಒಂದು, ವೇಗಸ್‌ನಲ್ಲಿ ಕೊನೆಯದು. ಎರಡನೆಯ ದಿನ ಬೆಳಗ್ಗೆ ಅಪ್ಪರ್, ಸಂಜೆ ದೋಣಿ. ಹಾರ್ಸ್‌ಶೂ ಬೆಂಡ್ ಮೂರನೆಯ ದಿನ ಗ್ರ್ಯಾಂಡ್ ಕ್ಯಾನಿಯನ್ ಕಡೆ ಹೊರಡುವಾಗ. ಅಲ್ಲಿಗೆ ಅಮ್ಮ ನಡೆಯಬಲ್ಲರೇ? ಎಷ್ಟು ಹೊತ್ತಿಗೆ ಹೋಗಬೇಕು?

ಕಡಲ_ಕರೆ

ಹೋಗಿ ಬರಲು ಒಟ್ಟು ಒಂದೂವರೆ ಮೈಲಿ. ದಾರಿ ಗಟ್ಟಿ ಮಾಡಿದ್ದಾರೆ, ಗಾಲಿಕುರ್ಚಿ ತಳ್ಳಬಹುದು, ಆದರೆ ಕುರ್ಚಿ ಅಲ್ಲಿ ಬಾಡಿಗೆಗೆ ಸಿಗುವುದಿಲ್ಲ. ಹೋಗುವಾಗ ಹೆಚ್ಚಾಗಿ ಇಳಿಜಾರು, ಬರುವಾಗ ಅದೇ ಏರು. ದಣಿವು ಗೊತ್ತಾಗುವುದು ವಾಪಸ್ಸಿನಲ್ಲಿ. ಒಂದೆರಡು ನೆರಳಿನ ಚಪ್ಪರ ಬಿಟ್ಟರೆ ಪೂರ್ತಿ ಬಯಲು. ಅಂಚಿನಿಂದ ನದಿಗೆ ಸುಮಾರು ಸಾವಿರ ಅಡಿ ಆಳ, ಕಂಬಿ ಇರುವುದು ಸ್ವಲ್ಪ ಭಾಗಕ್ಕೆ ಮಾತ್ರ. 4 ವರ್ಷದ ಮಗುವಿನ ಕೈ ಬಿಡದಂತೆ ಒಬ್ಬರನ್ನು ಅದಕ್ಕೇ ನೇಮಿಸಿ, ಆ ವ್ಯಕ್ತಿ ಫೋಟೋ ತೆಗೆಯುವುದು ಬೇಡ.

ಮುಂಜಾನೆ ನದಿ ನೆರಳಲ್ಲಿ ಮುಳುಗಿರುತ್ತದೆ, ಸಂಜೆ ಸೂರ್ಯ ಎದುರಿಗೆ ಕಣ್ಣಿಗೆ ಹೊಡೆಯುತ್ತಾನೆ. 9 ಗಂಟೆಗೆ ನಿಲುಗಡೆ ತಲುಪಿ. ನಿಧಾನ ನಡೆದು ಅಂಚು ಮುಟ್ಟುವ ಹೊತ್ತಿಗೆ ಬಿಸಿಲು ನೀರಿಗಿಳಿಯತೊಡಗಿರುತ್ತದೆ, ನೆಲವೂ ಅಷ್ಟು ಕಾದಿರುವುದಿಲ್ಲ. ಅಮ್ಮನಿಗೆ ಊರುಗೋಲು, ಒಬ್ಬೊಬ್ಬರಿಗೂ ಒಂದಿಷ್ಟು ಕುಡಿಯುವ ನೀರು, ಮಡಚುವ ಸಣ್ಣ ಸ್ಟೂಲು ಇದ್ದರೆ ಸಾಕು. ವಾಲ್‌ಮಾರ್ಟ್‌ನ ಕ್ಯಾಂಪಿಂಗ್ ಸಾಮಾನಿನ ಸಾಲಿನಲ್ಲಿ ಸ್ಟೂಲು ಸಿಗುತ್ತದೆ, ಹಿಂದಿನ ಸಂಜೆಯೇ ತೆಗೆದುಕೊಳ್ಳಿ. ಶೌಚಾಲಯ ನಿಲುಗಡೆಯಲ್ಲಿ ಮಾತ್ರ ಇದೆ, ನಡೆಯುವ ಮುಂಚೆಯೇ ಎಲ್ಲರೂ ಹೋಗಿ ಬನ್ನಿ.